ಮಿಸ್ತ್ರಿ ಎಷ್ಟು ದೂರ?

ತೆಲಂಗಾಣದ ಮಕ್ತಲದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯ ಬದಿಗೆ, ಷಟರ್ ಅರ್ಧಕ್ಕೇ ಇಳಿದಿರುವ ಹಳೆಯ ಗ್ಯಾರೇಜೊಂದಿದೆ. ಒಳಗೆ ಪಾನಾಗಳನ್ನು ತೂಗುಹಾಕಿದ ಹಲಗೆ, ಹೊರಗೆ ಹಗ್ಗದ ಮಂಚ. ಮಂಚದ ಮೇಲೆ ಮೂವತ್ತು ವರ್ಷ ಗಾಡಿ ಬಿಚ್ಚಿ ಕಟ್ಟಿದ ಮಾವ. ಎದುರಿಗೆ ಸ್ಟೂಲಿನ ಮೇಲೆ, ಗದ್ವಾಲದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಅಳಿಯ. ಇವರ ಮನೆಮಾತು ಕನ್ನಡ. ದುಡ್ಡಿನ ಲೆಕ್ಕ ಬಂದಾಗ ತೆಲುಗು, ಸಿಟ್ಟು ಬಂದಾಗ ಉರ್ದು ನಡುವೆ ನುಸುಳುತ್ತವೆ. ಇಲ್ಲಿ ಕನ್ನಡವನ್ನಷ್ಟೇ ಬರೆದುಕೊಂಡಿದ್ದೇನೆ.

ಅಳಿಯ: ಮಾಮಾ, ಎರಡು ಗಾಡಿ ನೋಡೀನಿ. ಒಂದು ರಾಯಚೂರಿನಾಗ, ಒಂದು ಗದ್ವಾಲದಾಗ. ಎರಡಕ್ಕೂ ಒಂದೇ ರೇಟು ಹೇಳತಾರ, ಲಕ್ಷದ ಆಜುಬಾಜು. ಯಾವುದು ತಗೊಳ್ಳಲಿ?

ಮಾವ: ಕಾರು ತಗೋತೀನಿ ಅಂತಿದ್ದಿ? ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು?

ಅಳಿಯ: ಅದು ಮೊಬೈಲಿನಾಗ ನೋಡಲಿಕ್ಕೆ. ನನ್ನ ಪಗಾರಕ್ಕ ಎರಡು ಗಾಲಿ ಸಾಕು.

ಮಾವ: ಬೆಂಗಳೂರಿನವರು ಒಂದು ಮಾಡಿದ್ದರು, ಸ್ಯಾನ್ ಸ್ಟಾರ್ಮ್ ಅಂತ. ಎರಡೇ ಸೀಟು, ಫೈಬರ್ ಮೈ, ರೆನೋ ಎಂಜಿನ್. ಅದರ ಚಿತ್ರ ನೋಡಿದವರು ಬಹಳ, ಗಾಡಿ ನೋಡಿದವರು ಕಡಿಮಿ. ನಮ್ಮ ಸೀಮಿಯೊಳಗ ಸ್ಪೋರ್ಟ್ಸ್ ಕಾರಿನ ಚಪಲ ತೀರಿಸಿದ್ದು ಜಾವಾ, ಯೆಜ್ಡಿ. ಹೇಳು, ನೀ ನೋಡಿದ್ದು ಯಾವ್ಯಾವು?

ಅಳಿಯ: ರಾಯಚೂರಿನದು 1991ರ ಯೆಜ್ಡಿ ರೋಡ್‌ಕಿಂಗ್. ಗದ್ವಾಲದ್ದು 2019ರ ಜಾವಾ ಫಾರ್ಟಿ ಟೂ.

ಮಾವ: ಅಜ್ಜನ್ನ, ಮೊಮ್ಮಗನ್ನ ಒಂದೇ ಸಂತಿಯೊಳಗ ಹಗ್ಗಾ ಹಿಡಿದು ನಿಂದರಿಸೀದಿ ಅನ್ನು. ರೋಡ್‌ಕಿಂಗ್ ಬಣ್ಣ ಯಾವುದು?

ಅಳಿಯ: ಕಪ್ಪು. ಆದ್ರ ಮಾಮಾ, ಎರಡೂ ಒಂದೇ ಕಂಪನಿದಲ್ಲೇನು? ಹಳೇದು ಹೊಸಾದು ಅಷ್ಟೇ ಫರಕು.

ಮಾವ: ಹೆಸರಿನ ನಂಟು ಅದ, ಕುಲುಮಿ ಬೇರೆ. ರೋಡ್‌ಕಿಂಗ್ ಹುಟ್ಟಿದ್ದು ಮೈಸೂರಿನ ಯಾದವಗಿರಿಯೊಳಗ. ರುಸ್ತುಂ ಇರಾನಿ, ಫಾರೂಖ್ ಇರಾನಿ ಅನ್ನೋ ಪಾರ್ಸಿಗಳು 1960ರಾಗ ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಮರುವರ್ಷ ಗಾಡಿ ಹೊರಗ ಬಂದವು. ಫ್ಯಾಕ್ಟರಿ ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರು. ಆಗ ಅವರು ಮೈಸೂರು ರಾಜ್ಯದ ರಾಜ್ಯಪಾಲರು. ಲೈಸೆನ್ಸ್ ಚೆಕೊಸ್ಲೊವಾಕಿಯದ ಜಾವಾ ಕಂಪನಿದು. 1973ರಿಂದ ಯೆಜ್ಡಿ ಅಂತ ಹೆಸರಾತು, 1978ಕ್ಕ ರೋಡ್‌ಕಿಂಗ್ ಬಂತು, 1996ಕ್ಕ ಫ್ಯಾಕ್ಟರಿ ಬಾಗಿಲಾ ಹಾಕಿತು. ನೀ ನೋಡಿದ ಗಾಡಿ ತಯಾರಾಗಿ ಐದು ವರ್ಷಕ್ಕ ಅದರ ತವರುಮನಿನೇ ಇಲ್ಲದಂಗಾತು.

ಅಳಿಯ: ಮತ್ತ ಫಾರ್ಟಿ ಟೂ?

ಮಾವ: ಅದು ಮಹೀಂದ್ರಾದವರು, ಅನುಪಮ್ ಥರೇಜಾ, ಮತ್ತ ಅದೇ ರುಸ್ತುಂ ಇರಾನಿ ಅವರ ಮಗ ಬೊಮನ್ ಇರಾನಿ ಕೂಡಿ ಕಟ್ಟಿದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿದು. 2018ರ ನವೆಂಬರಿನಾಗ ಮಂದಿ ಮುಂದ ತಂದರು. ತಯಾರಾಗೋದು ಮಧ್ಯಪ್ರದೇಶದ ಪೀಥಂಪುರದಾಗ. ಟ್ಯಾಂಕು, ಜೋಡಿ ಸೈಲೆನ್ಸರು ಹಳೇ ಜಾವಾನ ನೆನಪು ತರತಾವ. ಎಂಜಿನ್ ಮಾತ್ರ ಪೂರ್ತಿ ಹೊಸಾದು. ನೀ ಗದ್ವಾಲ ಸೀರಿ ನೋಡೀದಿ ಇಲ್ಲ? ಮೈ ಹತ್ತಿದು, ಅಂಚು ಸೆರಗು ರೇಷ್ಮಿದು. ಎರಡನ್ನೂ ಎಳಿ ಎಳಿ ಕೊಂಡಿ ಹಾಕಿ ಕೂಡಸತಾರ. ಸೀರಿ ಕೊಳ್ಳೋ ಜಾಣಿ ಅಂಚಿನ ಜರಿ ನೋಡೋದಿಲ್ಲ, ಆ ಕೂಡಿಸಿದ ಜಾಗಾ ಬೆರಳಿಲೆ ಜಗ್ಗಿ ನೋಡತಾಳ. ನೀ ಹಂಗ ನೋಡಬೇಕು.

ಅಳಿಯ: ನಾ ಎರಡನ್ನೂ ಹೊಡೆದು ನೋಡೀನಿ. ರೋಡ್‌ಕಿಂಗ್ ಮಜಾನೇ ಬೇರೆ ಮಾಮಾ. ಆ ಸಪ್ಪಳ!

ಮಾವ: ಎರಡು ಸೈಲೆನ್ಸರಿನಾಗೂ ಒಂದೇ ಸಮ ಬರತಿತ್ತೇನು?

ಅಳಿಯ: ಅದನ್ನ ಹ್ಯಾಂಗ ನೋಡೋದು?

ಮಾವ: ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಗಾಡಿ ಚಾಲೂ ಇದ್ದಾಗ ಹಿಂದ ಕುಂತು ಎರಡೂ ಅಂಗೈ ದೂರದಿಂದ ಹಿಡಿ. ಗಾಳಿ ಹೊಡ್ತ ಒಂದೇ ಸಮ ಇರಬೇಕು. ಒಂದು ಕಡೆ ಮಂದ ಅಂದ್ರ ಆ ಸೈಲೆನ್ಸರಿನಾಗ ಮಸಿ ಕಟ್ಟೇದ. ಟೂ ಸ್ಟ್ರೋಕ್ ಗಾಡಿ ಪೆಟ್ರೋಲ್ ಜೋಡಿ ಎಣ್ಣಿನೂ ಸುಡತದ, ಅದರ ಕಾಡಿಗಿ ಎಲ್ಲಿ ಹೋಗಬೇಕು? ಅದೇನು ದೊಡ್ಡ ರೋಗಲ್ಲ, ಬಿಚ್ಚಿ ತೊಳೆದ್ರ ಹೋಗತದ. ದೊಡ್ಡ ರೋಗ ಹೊಟ್ಟಿಯೊಳಗ ಇರತದ.

ಅಳಿಯ: ಅದು ಹೊರಗಿಂದ ತಿಳಿಯೋದು ಹ್ಯಾಂಗ?

ಮಾವ: ಮೊದಲು ಮಾಲಕನಿಗೆ ಹೇಳು, ನಾ ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ ಅಂತ. ಬಿಸಿ ಗಾಡಿ ಎಲ್ಲಾನೂ ಮುಚ್ಚಿಡತದ. ನೀ ಹೋದಾಗ ಎಂಜಿನ್ ಮುಟ್ಟಿ ನೋಡು, ತಣ್ಣಗಿರಬೇಕು. ಆಮ್ಯಾಲ ಕಿಕ್ ಹೊಡಿ. ಎಷ್ಟನೇ ಕಿಕ್ಕಿಗೆ ಎದ್ದಿತು ಲೆಕ್ಕ ಇಡು. ಎದ್ದ ಮ್ಯಾಲ ಕಿವಿ ಕೊಡು. ತಳದಾಗ ಟಕ ಟಕ ಅಂದ್ರ ಕ್ರಾಂಕಿನ ಬೇರಿಂಗ್ ಮುಗಿದಾವ. ಮ್ಯಾಲ ಕಿಣಿ ಕಿಣಿ ಅಂದ್ರ ಪಿಸ್ಟನ್ ಸಡಿಲಾಗೇದ. ಹೊಗಿ ಮೊದಲು ಬರತದ, ಅದು ಅದರ ಗುಣ. ಆದ್ರ ಬಿಸಿಯಾದ ಮ್ಯಾಲೂ ದಟ್ಟನ ಹೊಗಿ ನಿಲ್ಲಲಿಲ್ಲ, ಗೇರ್ ಬಾಕ್ಸಿನ ಎಣ್ಣಿ ಕಡಿಮಿ ಆಗತದ ಅಂದ್ರ, ಒಳಗಿನ ಆಯಿಲ್ ಸೀಲ್ ಹೋಗೇದ. ಎಂಜಿನ್ ಗೇರ್ ಬಾಕ್ಸಿನ ಎಣ್ಣಿ ಕುಡೀಲಿಕ್ಕೆ ಹತ್ತೇದ. ಸೀಲು ಅಗ್ಗ. ಆದ್ರ ಅದಕ್ಕ ಪೂರ್ತಿ ಎಂಜಿನ್ ಬಿಚ್ಚಬೇಕು.

ಅಳಿಯ: ಬೋರ್ ಮಾಡಿಸಿದ್ದು ಅಂತ ಹೇಳಿದ.

ಮಾವ: ಎಷ್ಟನೇ ಬೋರ್ ಅಂತ ಕೇಳು. ಸಿಲಿಂಡರ್ ಸವೆದಂಗ ಕೊರೆದು, ಕೂದಲೆಳಿಯಷ್ಟು ದೊಡ್ಡ ಪಿಸ್ಟನ್ ಹಾಕತಾರ. ಕೊರಿಯೋದಕ್ಕೂ ಒಂದು ಮಿತಿ ಅದ. ಕೊನೀ ಬೋರ್ ಆಗಿದ್ರ ಮುಂದ ಹೊಸ ಸ್ಲೀವ್ ಕೂಡಿಸಬೇಕಾಗತದ. ನಮ್ಮಪ್ಪ ಎತ್ತು ಕೊಳ್ಳಲಿಕ್ಕೆ ಹೋದ್ರ ಮೊದಲು ಬಾಯಿ ತೆಗೆದು ಹಲ್ಲು ನೋಡತಿದ್ದ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಅಂತ. ಮಾರೋನು ಎತ್ತಿನ ಕೋಡಿಗೆ ಬಣ್ಣ ಹಚ್ಚಿರತಾನ, ಹಲ್ಲಿಗೆ ಹಚ್ಚಲಿಕ್ಕೆ ಬರೋದಿಲ್ಲ. ನೀ ಕಪ್ಪು ಬಣ್ಣ ನೋಡಿ ಬಂದೀದಿ.

ಅಳಿಯ: ಬಣ್ಣ ಚಂದ ಅದ ಮಾಮಾ.

ಮಾವ: ಇರಲಿ. ಗೇರಿನ ಕೋಲು ಹ್ಯಾಂಗಿತ್ತು? ಸಡಿಲ ಇತ್ತೇನು?

ಅಳಿಯ: ಅದೇ ನನಗ ತಿಳೀಲಿಲ್ಲ. ಕಿಕ್ ಹುಡುಕಿದೆ, ಸಿಗಲೇ ಇಲ್ಲ. ಅವ ನಕ್ಕ.

ಮಾವ: ನಗಲಾರದೇ ಏನು ಮಾಡತಾನ? ಯೆಜ್ಡಿಗೆ ಗೇರು, ಕಿಕ್ಕು ಎರಡೂ ಒಂದೇ ಕೋಲು. ಒಳಗ ಒತ್ತಿ ಹಿಂದಕ ತಿರುಗಿಸಿದ್ರ ಕಿಕ್ಕು, ಚಾಲೂ ಆದ ಮ್ಯಾಲ ಮುಂದಕ ತಂದ್ರ ಗೇರು. ಇನ್ನೊಂದು ಮಾಟ ಅದ. ಗೇರ್ ಒತ್ತಿದ್ರ ಆ ಕೋಲೇ ಕ್ಲಚ್ಚನ್ನೂ ಬಿಡಸತದ. ಎಡಗೈ ಕ್ಲಚ್ ಹಿಡೀದಿದ್ರೂ ಗೇರ್ ಬೀಳತದ. ಆ ಕಾಲಕ್ಕ ಅದು ದೊಡ್ಡ ಮಾತು. ನಾಲ್ಕು ಗೇರು, 250 ಸಿಸಿ, 16 ಕುದುರಿ ಶಕ್ತಿ. ಇವತ್ತಿನ ಲೆಕ್ಕಕ್ಕ ಸಣ್ಣದು. ಆದ್ರ ಟೂ ಸ್ಟ್ರೋಕ್‌ದಾಗ ಕ್ರಾಂಕಿನ ಪ್ರತಿ ಸುತ್ತಿಗೂ ಒಂದು ಏಟು ಬೀಳತದ, ಫೋರ್ ಸ್ಟ್ರೋಕ್‌ದಾಗ ಎರಡು ಸುತ್ತಿಗೆ ಒಂದು. ಅದಕ್ಕೇ ಕೈ ಕೊಟ್ಟ ಕೂಡಲೇ ಹಾರತದ.

ಅಳಿಯ: ಫಾರ್ಟಿ ಟೂ 293 ಸಿಸಿ, 27 ಕುದುರಿ, ಆರು ಗೇರು. ನೀರಿಲೆ ತಣ್ಣಗಾಗೋ ಎಂಜಿನ್.

ಮಾವ: ಓದಿಕೊಂಡು ಬಂದೀದಿ. ಕಿಕ್ ಅದನೋ ಇಲ್ಲೋ?

ಅಳಿಯ: ಇಲ್ಲ. ಸೆಲ್ಫ್ ಅಷ್ಟೇ.

ಮಾವ: ಹಂಗಾರ ಬ್ಯಾಟರಿನೇ ಅದರ ಜೀವ. ಬ್ಯಾಟರಿ ಕುಂತ್ರ ನೀ ಕುಂತಿ. ಅದನ್ನ ನೋಡಲಿಕ್ಕೆ ಹೋದಾಗ ಕಿವಿಗಿಂತ ಕಣ್ಣಿಗೆ ಕೆಲಸ ಹೆಚ್ಚು. ಸರ್ವಿಸ್ ಪುಸ್ತಕ ಕೇಳು, ಮುದ್ರಿ ಎಲ್ಲಿ ತಪ್ಪೇದ ನೋಡು. ರೇಡಿಯೇಟರಿನ ತೆಳು ಎಲಿಗೋಳು ಕಲ್ಲು ಬಡಿದು ಮಡಚ್ಯಾವೇನು, ಕೂಲಂಟ್ ಒಸರಿದ ಕಲಿ ಅದನೇನು ನೋಡು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹತ್ತಬೇಕು, ಗಾಡಿ ಸ್ವಲ್ಪ ಓಡಿದ ಮ್ಯಾಲ ಆರಬೇಕು. ಹತ್ತಲೇ ಇಲ್ಲ ಅಂದ್ರ ಯಾರೋ ದೀಪಾನೇ ಕಿತ್ತಾರ. ಮೊದಮೊದಲು ಬಂದ ಗಾಡಿಗೆ ಎಬಿಎಸ್ ಮುಂದಿನ ಗಾಲಿಗಷ್ಟೇ, ಹಿಂದ ಡ್ರಮ್ ಬ್ರೇಕ್. ಅದೂ ತಿಳಕೊಂಡು ಹೋಗು. ಇನ್ನ ಹುಡುಗರು ಜೋರು ಲೈಟು, ಜೋರು ಹಾರ್ನ್ ಅಂತ ವೈರ್ ಕತ್ತರಿಸಿ ಟೇಪ್ ಸುತ್ತಿರತಾರ. ಅಂಥ ಗಾಡಿ ಇದ್ರ ತಿರುಗಿ ನೋಡಬ್ಯಾಡ. ಹಳೇ ಗಾಡಿಗೆ ವೈರಿಂಗ್ ಅಂದ್ರ ನರ ಅಷ್ಟೇ, ಇದಕ್ಕ ಮೆದುಳು.

ಅಳಿಯ: ಪೆಟ್ರೋಲಿಂದು? ಈಗ ಬಂಕಿನಾಗ ಬರೋದು 20 ಪರ್ಸೆಂಟ್ ಎಥನಾಲ್ ಕೂಡಿದ್ದು.

ಮಾವ: ಅದರಾಗ ಅಜ್ಜ ಮೊಮ್ಮಗ ಇಬ್ಬರದೂ ಒಂದೇ ಗತಿ. ಆ ಪೆಟ್ರೋಲಿಗೆ ಅಂತ ಗಾಡಿ ತಯಾರು ಮಾಡಲಿಕ್ಕೆ ಹತ್ತಿದ್ದು 2023ರಿಂದ ಈಚೆ. ಎಥನಾಲ್ ನೀರು ಎಳಕೋತದ. ವಾರಗಟ್ಲೆ ನಿಂತ ಗಾಡಿ ಟ್ಯಾಂಕಿನಾಗ ನೀರು ತಳಕ್ಕ ಇಳಿದು ತುಕ್ಕು ಹಿಡೀತದ. ಹಳೇ ರಬ್ಬರ್ ಪೈಪು, ವಾಷರು ಮೆತ್ತಗಾಗತಾವ. ರೋಡ್‌ಕಿಂಗಿಗೆ ಇನ್ನೊಂದು ಕೆಲಸ, ಲೀಟರಿಗೆ 30–40 ಮಿಲಿ ಟೂಟಿ ಆಯಿಲ್ ನೀನೇ ಕೂಡಿಸಬೇಕು. ಮರೆತು ಬರೇ ಪೆಟ್ರೋಲ್ ಹಾಕಿ ಹೊಡೆದಿ ಅಂದ್ರ ಪಿಸ್ಟನ್ ಒಳಗ ಕಚ್ಚಿಕೊಂಡು ನಿಂತು ಬಿಡತದ. ಅದಕ್ಕ ಎಣ್ಣಿ ಕೊಡಲಿಕ್ಕೆ ಬೇರೆ ದಾರಿನೇ ಇಲ್ಲ.

ಅಳಿಯ: ಕಾಗದಪತ್ರ ಎರಡರದ್ದೂ ಸರಿ ಅವ ಅಂದ್ರು.

ಮಾವ: ಅಂದವರ ಮಾತಿಗೆ ಆರ್‌ಟಿಒ ಮುದ್ರಿ ಹೊಡಿಯೋದಿಲ್ಲ. ರೋಡ್‌ಕಿಂಗ್ 1991ರದು ಅಂದ್ರ 15 ವರ್ಷ 2006ಕ್ಕ ಮುಗೀತು. ಆಮ್ಯಾಲ ಐದೈದು ವರ್ಷಕ್ಕೊಮ್ಮೆ ನವೀಕರಣ. 2006, 2011, 2016, 2021. ಕಡಿಮಿ ಅಂದ್ರೂ ನಾಲ್ಕು ಸಲ ಆಗಿರಬೇಕು. ನಡುವ ಒಂದು ತಪ್ಪಿದ್ರ ದಂಡ ಯಾರ ತಲಿ ಮ್ಯಾಲ ಅಂತ ಮೊದಲೇ ಮಾತಾಡು. 20 ವರ್ಷ ದಾಟಿದ ದ್ವಿಚಕ್ರಕ್ಕ ನವೀಕರಣದ ಫೀಸು 2025ರಾಗ 2,000 ರೂಪಾಯಿ ಮಾಡ್ಯಾರ. ಚೇಸಿ ನಂಬರ್, ಎಂಜಿನ್ ನಂಬರ್ ಆರ್‌ಸಿ ಜೋಡಿ ಕೈಬೆರಳಿಟ್ಟು ಓದು. ಮೂರು ಸತ್ತ ಗಾಡಿ ಕೂಡಿಸಿ ಒಂದು ಜೀವಂತ ಗಾಡಿ ಮಾಡಿದವರು ಬಹಳ ಮಂದಿ ಇದ್ದಾರ. ನಾನೂ ನೋಡೀನಿ.

ಅಳಿಯ: ನೋಡೀರೋ, ಮಾಡೀರೋ?

ಮಾವ: ಚಹಾ ಆರತದ, ಕುಡಿ. ಗಾಡಿ ಕೆಎ 36. ಅದು ಕೃಷ್ಣಾ ದಾಟಿ ಈಚೆ ಬರಬೇಕಂದ್ರ ರಾಯಚೂರು ಆರ್‌ಟಿಒದಿಂದ ಎನ್‌ಒಸಿ ಬೇಕು, ಅದು ಫಾರ್ಮ್ 28. ಹೆಸರು ಬದಲಾಯಿಸಲಿಕ್ಕೆ 29, 30. ಬ್ಯಾರೆ ರಾಜ್ಯದ ಗಾಡಿ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟಗೊಂಡ್ರ ಇಲ್ಲಿನ ನಂಬರ್ ಮಾಡಿಸಬೇಕು, ತೆರಿಗೆ ಕಟ್ಟಬೇಕು.

ಅಳಿಯ: ರಾಯಚೂರು ಇಲ್ಲೇ ಅದಲ್ಲ ಮಾಮಾ. ದೇವಸೂಗೂರಿನ ಸೇತುವೆ ದಾಟಿದ್ರ ಆತು.

ಮಾವ: ನಿಮ್ಮತ್ತಿನ್ನ ಲಗ್ನ ಮಾಡಿಕೊಂಡು ಅದೇ ನಿಜಾಮನ ಕಾಲದ ಸೇತುವೆ ಮ್ಯಾಲ ಕರಕೊಂಡು ಬಂದೆ, ಯಾರೂ ಎನ್‌ಒಸಿ ಕೇಳಲಿಲ್ಲ. ಗಾಡಿಗೆ ಕೇಳತಾರ. 1956ರ ನವೆಂಬರ್ ಒಂದಕ್ಕ ಗೆರಿ ಎಳೆದಾಗ ರಾಯಚೂರು ಜಿಲ್ಲಾ ಮೈಸೂರು ರಾಜ್ಯಕ್ಕ ಹೋತು, ಅದರಾಗಿನ ಗದ್ವಾಲ, ಆಲಂಪುರ ತಾಲೂಕು ಮಾತ್ರ ಆಂಧ್ರಕ್ಕ ಬಂದವು. ನೀ ಈಗ ಕೆಲಸ ಮಾಡೋ ಊರು ಒಂದು ಕಾಲಕ್ಕ ರಾಯಚೂರು ಜಿಲ್ಲಾನೇ. ಮಂದಿ ಮಾತು ಗೆರಿ ದಾಟಿ ಹೋಗಿ ಬಂದು ಮಾಡತದ. ಗಾಡಿ ಆರ್‌ಸಿ ಹಂಗ ದಾಟೋದಿಲ್ಲ.

ಅಳಿಯ: ಗದ್ವಾಲದ್ದಕ್ಕ ಆ ತಂಟಿ ಇಲ್ಲ. ಆದ್ರ ಸಾಲದ ಮ್ಯಾಲ ತಗೊಂಡಿದ್ದಂತ.

ಮಾವ: ಸಾಲ ತೀರಿದ್ರ ಬ್ಯಾಂಕಿನ ಪತ್ರ ತೋರಸ್ಲಿ. ಫಾರ್ಮ್ 35 ಕೊಟ್ಟು ಆರ್‌ಸಿಯೊಳಗಿನ ಬ್ಯಾಂಕಿನ ಹೆಸರು ತೆಗೆಸಿ, ಆಮ್ಯಾಲ ದುಡ್ಡು ಎಣಿಸು. ಚಲನ್ ಬಾಕಿ ಅವನೇನು ಅಂತ ಮೊಬೈಲಿನಾಗೇ ನೋಡಬಹುದು, ಅದು ನಿನಗೇ ಗೊತ್ತು.

ಅಳಿಯ: ಎಲ್ಲಾ ಹೇಳಿದ್ರಿ, ಯಾವುದು ತಗೊಳ್ಳಲಿ ಅನ್ನೋದೊಂದು ಬಿಟ್ಟು.

ಮಾವ: ನೀ ದಿನಾ ಓಡಾಡೋ ದಾರಿ ಹೇಳು.

ಅಳಿಯ: ಮುಂಜಾನೆ ಇಲ್ಲಿಂದ ಆತ್ಮಕೂರು ಮ್ಯಾಲ ಹಾಯ್ದು, ಜುರಾಲ ಅಣೆಕಟ್ಟು ದಾಟಿ ಗದ್ವಾಲ. ಹೋಗಲಿಕ್ಕೆ 50 ಕಿಲೋಮೀಟರ್ ಹತ್ತಿರ. ಸಂಜಿಗೆ ಅಷ್ಟೇ ವಾಪಸ್. ಐತಾರ ಒಮ್ಮೆ ನಾರಾಯಣಪೇಟೆಗೆ, ಅಜ್ಜಿನ್ನ ನೋಡಲಿಕ್ಕೆ.

ಮಾವ: ಸಂಜಿ ಏಳಕ್ಕ ಜುರಾಲದ ಹತ್ತಿರ ಗಾಡಿ ನಿಂತಿತು ಅನ್ನು. ಯಾರಿಗೆ ಫೋನ್ ಮಾಡತೀ?

ಅಳಿಯ: ನಿಮಗೇ.

ಮಾವ: ಅದೇ ನನಗ ಬೇಕಾಗಿದ್ದ ಉತ್ತರ. ನಾರಾಯಣಪೇಟೆ ಮನಿಯೊಳಗ ನಿಮ್ಮ ಅಜ್ಜಂದು ಕುಣಿಮಗ್ಗ ಇತ್ತು, ನಿನಗ ನೆನಪಿಲ್ಲ. ಲಾಳಿ ಮುರಿದ್ರ ಅಪ್ಪ ಎರಡು ಓಣಿ ದಾಟಿ ಬಡಿಗ್ಯಾನ ಹತ್ತಿರ ಹೋಗತಿದ್ದ, ಸಂಜಿಗೆ ಮಗ್ಗ ಮತ್ತ ಆಡತಿತ್ತು. ಆ ಮಗ್ಗಕ್ಕ ಎಷ್ಟು ವರ್ಷ ಆಗಿತ್ತೋ ಅವನಿಗೇ ಗೊತ್ತಿರಲಿಲ್ಲ. ಅದು ಹಳೇದು ಅಂತ ಯಾರೂ ಅನ್ನಲಿಲ್ಲ. ಆ ಬಡಿಗ್ಯಾ ಸತ್ತ. ಮುಂದ ಎರಡು ವರ್ಷಕ್ಕ ಅದೇ ಮಗ್ಗ ಹಳೇದಾತು. ಗಾಡಿನೂ ಹಂಗೇ ತಮ್ಮಾ. ಅದರ ವಯಸ್ಸು ಆರ್‌ಸಿಯೊಳಗ ನೋಡಬ್ಯಾಡ. ಅದು ಕೆಟ್ಟು ನಿಂತಲ್ಲಿಂದ ಅದನ್ನ ತಿಳಿದ ಮಿಸ್ತ್ರಿ ಎಷ್ಟು ದೂರ ಇದ್ದಾನ, ಅದನ್ನ ನೋಡು.

ಅಳಿಯ: ಹಂಗಾರ ರೋಡ್‌ಕಿಂಗೇ ಹೊಸಾದು! ಅದರ ಮಿಸ್ತ್ರಿ ನನ್ನ ಎದುರಿಗೆ ಕುಂತಾನ. ಫಾರ್ಟಿ ಟೂ ಕೆಟ್ಟರ ಸೆನ್ಸರ್ ಅಂತಾರ, ಸ್ಕ್ಯಾನರ್ ಹಚ್ಚಬೇಕು ಅಂತಾರ. ದೊಡ್ಡ ಊರಿಗೇ ಒಯ್ಯಬೇಕು.

ಮಾವ: ನಿನ್ನ ಎದುರಿಗೆ ಕುಂತ ಮಿಸ್ತ್ರಿಗೆ 68. ಕಾರ್ಬೊರೇಟರಿನ ಜೆಟ್ಟು ಹಿಡಿದ್ರ ಬೆರಳು ನಡುಗತದ. ಪಾಯಿಂಟಿನ ಗ್ಯಾಪ್ ನೋಡಲಿಕ್ಕೆ ಕನ್ನಡಕದ ಮ್ಯಾಲ ಭೂತಗನ್ನಡಿ ಬೇಕು. ನನ್ನ ಕೈಕೆಳಗ ಕಲಿತ ಹುಡುಗರೆಲ್ಲ ಫೋರ್ ಸ್ಟ್ರೋಕಿಗೆ ಹೋದರು, ತಪ್ಪೇನಿಲ್ಲ, ಹೊಟ್ಟಿ ತುಂಬಬೇಕಲ್ಲ. ಅವರ ಹತ್ತಿರ ಟೂ ಸ್ಟ್ರೋಕ್ ತಗೊಂಡು ಹೋದ್ರ ಮೊದಲು ನನಗೇ ಫೋನ್ ಮಾಡತಾರ. ನಾ ಇವತ್ತು ಹತ್ತು ಹೆಜ್ಜಿ ದೂರ ಇದ್ದೀನಿ. ಐದು ವರ್ಷಕ್ಕ ಎಷ್ಟು ದೂರ ಇರತೀನಿ, ನೀನೇ ಲೆಕ್ಕ ಹಾಕು. ಫಾರ್ಟಿ ಟೂದ ಮಿಸ್ತ್ರಿ ಇವತ್ತು ದೂರ ಇದ್ದಾನ, ಆದ್ರ ಅವ ಹತ್ತಿರ ಬರೋ ಹಾದಿಯೊಳಗ ಇದ್ದಾನ. ಇಂಥ ಎಂಜಿನ್ ಈಗ ಊರಿಗೆ ಹತ್ತು ಬರಲಿಕ್ಕೆ ಹತ್ತ್ಯಾವ. ಹುಡುಗರು ಕಲೀತಾರ, ಸ್ಕ್ಯಾನರ್ ಇಡತಾರ.

ಅಳಿಯ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಾ ಕಲಿತ್ರ?

ಮಾವ: ಕಲಿ, ಬ್ಯಾಡ ಅನ್ನೋದಿಲ್ಲ. ಹಳೇ ಗಾಡಿ ಕೊಳ್ಳೋದಂದ್ರ ಮಿಸ್ತ್ರಿಕಿನೂ ಅದರ ಜೋಡಿ ಕೊಂಡಂಗ. ಆದ್ರ ಕಲಿಯೋ ಮಂದಿ ಐತಾರ ಕಲೀತಾರ. ಸೋಮವಾರ ಮುಂಜಾನೆ ಹತ್ತಕ್ಕ ಗದ್ವಾಲದಾಗ ಹಾಜರಿ ಹಾಕೋದು ಕಲಿಕಿಯೊಳಗ ಬರೋದಿಲ್ಲ. ದಿನಾ ನೂರು ಕಿಲೋಮೀಟರ್, ಮಳಿಗಾಲದಾಗ ಜುರಾಲದ ಮ್ಯಾಲ ಎದುರುಗಾಳಿ, ಸಂಜಿಗೆ ಎದುರಿಂದ ಲಾರಿ. ಅಂಥಲ್ಲಿ ಒಳ್ಳೆ ಬ್ರೇಕು, ಒಳ್ಳೆ ದೀಪ ಬೇಕು. ರೋಡ್‌ಕಿಂಗಿನ ಎರಡೂ ಬ್ರೇಕು ಡ್ರಮ್ಮು, ನೀರು ಕುಡಿದ್ರ ಹಿಡಿಯೋದು ತಡ.

ಅಳಿಯ: ಅಂದ್ರ ಗದ್ವಾಲದ್ದು.

ಮಾವ: ನಾಳಿಗೆ ಹೋಗು, ತಣ್ಣನ ಎಂಜಿನ್ ಚಾಲೂ ಮಾಡಿಸು, ಸರ್ವಿಸ್ ಪುಸ್ತಕದ ಫೋಟೋ ನನಗ ಕಳಿಸು. ಎಲ್ಲಾ ಸರಿ ಇದ್ರ ಬ್ಯಾಂಕಿನ ಪತ್ರ ಬಂದ ಮ್ಯಾಲ ತಗೋ. ಪಡಮಟಿ ಆಂಜನೇಯನ ಮುಂದ ನಿಂಬೆಹಣ್ಣು ಇಟ್ಟು ದಾಟಿಸಿ ಮನಿಗೆ ತಾ.

ಅಳಿಯ: ರಾಯಚೂರಿನವಗ ಬ್ಯಾಡ ಅಂತ ಹೇಳಿಬಿಡ್ಲಿ?

ಮಾವ: ಇರು, ಇರು. ಅವಸರ ಯಾಕ? ಅವನ ನಂಬರ್ ನನಗ ಕಳಿಸು.

ಅಳಿಯ: ಯಾಕ ಮಾಮಾ?

ಮಾವ: ಸುಮ್ಮ. ಎಷ್ಟನೇ ಬೋರ್ ಅಂತ ಕೇಳಬೇಕು.

ಅಳಿಯ: ಮಾಮಾ! ಇಷ್ಟೊತ್ತು ನನಗ ಬ್ಯಾಡ ಬ್ಯಾಡ ಅಂದು...

ಮಾವ: ನಿನಗ ಬ್ಯಾಡ ಅಂದೆ. ನನಗೇನು ಹಾಜರಿ ಅದ? ಗಾಡಿ ಎಂಟು ದಿನ ಎದ್ದಿಲ್ಲ ಅಂದ್ರ ಎಂಟು ದಿನ ಹೊತ್ತು ಹೋತು ಅಷ್ಟೇ. ಮಿಸ್ತ್ರಿ ಎಷ್ಟು ದೂರ ಅಂತ ನಾ ಯಾರನ್ನ ಕೇಳಬೇಕು?

ಅಳಿಯ: ಬೆರಳು ನಡುಗತಾವ ಅಂದ್ರಿ. ಜೆಟ್ಟು ಯಾರು ಹಿಡೀತಾರ? ಈ ಮೊಣಕಾಲಿನಾಗ ಕಿಕ್ ಯಾರು ಹೊಡೀತಾರ?

ಮಾವ: ಐತಾರ ಕಲಿಯೋ ಮನುಷ್ಯಾ ಒಬ್ಬ ಸಿಕ್ಕಾನಲ್ಲ ಈಗ.

ಇಬ್ಬರೂ ನಗುತ್ತಿರುವಾಗ ಒಳಗಿನಿಂದ ಅತ್ತೆಯ ದನಿ ಬಂತು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

— ಲೀಟರಿಗೆ ಎಷ್ಟು ಎಣ್ಣಿ ಅನ್ನೋದು ಆಮ್ಯಾಲ ಅಳತಿ ಮಾಡೀರಂತ. ಮೊದಲು ಒಳಗ ಬಂದು ಮೊಣಕಾಲಿಗೆ ಎಣ್ಣಿ ಹಚ್ಚಿಕೋರಿ.